ಪೂಜೆಗೆ ಮುಂಚಿನ ಇಡ್ಲಿ

ಆಪ್ತಸಮಾಲೋಚಕನಾಗುವ ತರಬೇತಿಗೆ ಸೇರಿದ್ದೇನೆ ಎಂದಾಗ ನನ್ನನ್ನು ಬಲ್ಲವರೆಲ್ಲ ನಕ್ಕರು. ನಗದೆ ಇದ್ದವರು ನನ್ನ ಪರಿಚಯ ಇಲ್ಲದವರು. ವಿಮಾ ಕಂಪನಿಯಲ್ಲಿ ಕೂತು, ಜನರಿಗೆ ಏನೇನು ಕೆಟ್ಟದಾಗಬಹುದು ಎಂದು ಊಹಿಸುವುದಕ್ಕೇ ಸಂಬಳ ತೆಗೆದುಕೊಂಡವನು ನಾನು. ಸ್ವಯಂನಿವೃತ್ತಿ ಪಡೆದ ಮೇಲೆ ಅದೇ ಕೆಲಸವನ್ನು ಮನೆಯಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಮದರಾಸಿನ ವೇಲಚೇರಿ ಸ್ಟೇಷನ್ನಿನ ಮೆಟ್ಟಿಲಿನಿಂದ ವಾಪಸು ಬರುವ ಮನುಷ್ಯ ಇನ್ನೊಬ್ಬರ ಮನಸ್ಸನ್ನು ಹಗುರ ಮಾಡುತ್ತಾನೆಂದರೆ ಯಾರು ತಾನೇ ನಂಬುತ್ತಾರೆ? ನನ್ನ ಹೆಂಡತಿ ಮಾತ್ರ ಪ್ರೋತ್ಸಾಹ ಕೊಟ್ಟಳು. ಶನಿವಾರ, ಭಾನುವಾರ ನಾನು ಹಗಲೆಲ್ಲ ಮನೆಯಲ್ಲಿರುವುದಿಲ್ಲ ಎನ್ನುವುದು ಆ ಕೋರ್ಸಿನಲ್ಲಿ ಅವಳಿಗೆ ತುಂಬ ಹಿಡಿಸಿದ ಅಂಶ.

ತರಗತಿ ನಡೆಯುತ್ತಿದ್ದದ್ದು ತಿರುವಾನ್ಮಿಯೂರಿನಲ್ಲಿ, ಒಂದು ಸ್ಕ್ಯಾನಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ. ಕೆಳಗೆ ಜನ ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಸರದಿಗೆ ಕಾಯುತ್ತಿದ್ದರು. ಮೇಲೆ ನಾವು ವೃತ್ತಾಕಾರದಲ್ಲಿ ಕೂತು ಒಬ್ಬರ ಒಳಗನ್ನು ಒಬ್ಬರು ಇಣುಕುತ್ತಿದ್ದೆವು. ಕೆಳಗಿನವರಿಗೆ ಕೊನೆಗೆ ಒಂದು ರಿಪೋರ್ಟಾದರೂ ಸಿಗುತ್ತಿತ್ತು. ನಮ್ಮ ತರಬೇತುದಾರಳು ಕೈಮಗ್ಗದ ಸೀರೆ, ಗೋಲಿಯಷ್ಟು ದಪ್ಪ ಮಣಿಗಳ ಸರದ ಹೆಂಗಸು. ಯಾರು ಏನೇ ಹೇಳಲಿ, ಕಣ್ಣು ಮುಚ್ಚಿ, ಒಂದು ದೀರ್ಘ ಉಸಿರೆಳೆದು, ಕಣ್ಣು ತೆರೆದು, "ಇದನ್ನು ಹೀಗೇ ಇರಲು ಬಿಡೋಣ," ಎನ್ನುತ್ತಿದ್ದಳು. ಒಮ್ಮೆ ಒಬ್ಬರು ಏಸಿಯಿಂದ ನೀರು ಸೋರುತ್ತಿದೆ ಎಂದಾಗಲೂ ಹಾಗೇ ಅಂದಳು. ನೀರೂ ಹಾಗೇ ಇತ್ತು.

ಎರಡನೆಯ ತಿಂಗಳಲ್ಲಿ ಬಂದದ್ದು ಕುಟುಂಬದ ಧಾರ್ಮಿಕ ಪರಂಪರೆಯ ಪಾಠ. ಮುಂದೆ ನಮ್ಮ ಎದುರಿಗೆ ಬಂದು ಕೂರುವವರು ದೇವರು, ದೆವ್ವ, ಹರಕೆ, ಶಾಪ ಎಲ್ಲವನ್ನೂ ಹೊತ್ತು ತರುತ್ತಾರೆ. ಮೊದಲು ನಮ್ಮ ಮೂಟೆಯಲ್ಲಿ ಏನಿದೆ ಎಂದು ನಾವು ಬಿಚ್ಚಿ ನೋಡಬೇಕು ಎಂಬುದು ತರ್ಕ. ತರ್ಕದಲ್ಲಿ ತಪ್ಪಿರಲಿಲ್ಲ. ಬಿಚ್ಚಿದ ರೀತಿ ಮಾತ್ರ ಸೀರೆ ಅಂಗಡಿಯದು. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಮೂರು ತಲೆಮಾರಿನ ವಂಶವೃಕ್ಷ ಬರೆಯಬೇಕು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಗಾಢ ನಂಬಿಕೆ ಇದ್ದವರಿಗೆ ನೇರಳೆ ಬಣ್ಣ, ನಂಬಿಕೆ ಕಳೆದುಕೊಂಡವರಿಗೆ ಬೂದು. ಶಾಲೆ ಬಿಟ್ಟ ಮೇಲೆ ಮೊದಲ ಬಾರಿಗೆ ಸ್ಕೆಚ್ ಪೆನ್ನು ಹಿಡಿದ ನಡುವಯಸ್ಕರು ನೇರಳೆಗಾಗಿ ಕಿತ್ತಾಡುವುದನ್ನು ನೋಡಿದ ಮೇಲೆ ಕೌನ್ಸೆಲಿಂಗ್ ವೃತ್ತಿಯ ಬಗ್ಗೆ ನನಗಿದ್ದ ಗೌರವ ಒಂದು ಹದಕ್ಕೆ ಬಂತು.

ಶನಿವಾರ ಬೆಳಿಗ್ಗೆ ಒಬ್ಬೊಬ್ಬರೇ ಹಾಳೆ ಹಿಡಿದು ನಿಂತೆವು. ಒಬ್ಬಾಕೆ ತನ್ನ ಅಜ್ಜಿಗೆ ಹಕ್ಕಿಗಳ ಭಾಷೆ ಬರುತ್ತಿತ್ತು ಎಂದಳು. ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್ ಮ್ಯಾನೇಜರ್ ಒಬ್ಬನಿದ್ದ. ತನ್ನ ಮನೆಯವರಿಗೆ ಮತ, ಶಾಸ್ತ್ರ ಯಾವುದರ ಹಂಗೂ ಇಲ್ಲ, ತಾವು ಬರೀ ಶಕ್ತಿಯನ್ನು ನಂಬುವವರು ಎಂದು ವಾರಗಟ್ಟಲೆ ಸಾರಿದ್ದ ಮನುಷ್ಯ. ಅವನ ಹೆಸರು ಮೊದಲು ಬಂದಾಗ ಗಂಟಲು ಸರಿಯಿಲ್ಲ ಎಂದ. ಹತ್ತೂವರೆ ಆದದ್ದೇ ತಡ, ಗಂಟಲು ಸರಿಹೋಗಿ ಎದ್ದು ನಿಂತ. ಶನಿವಾರದ ರಾಹುಕಾಲ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮದರಾಸಿನಲ್ಲಿ ಹುಟ್ಟಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಯಾರೂ ನಗಲಿಲ್ಲ. ಕೋರ್ಸಿನಲ್ಲಿ ನಗುವುದಕ್ಕೆ ಪ್ರತ್ಯೇಕ ತರಗತಿ ಇತ್ತು.

ನನ್ನ ಸರದಿ ಬಂದಾಗ ನಾನೇನು ಕಡಿಮೆ ಮಾಡಿದೆನೇ? ಅಪ್ಪನ ಚೌಕಕ್ಕೆ ಎರಡು ಸಲ ನೇರಳೆ ಬಳಿದಿದ್ದೆ. ನನ್ನದಕ್ಕೆ ತಿಳಿ ಬೂದು ಬಳಿದು, ಯಾರಾದರೂ ಕೇಳಿದರೆ ಪೆನ್ನಿನಲ್ಲಿ ಇಂಕು ಇರಲಿಲ್ಲ ಎನ್ನಬಹುದು ಎಂದುಕೊಂಡಿದ್ದೆ. ಮಾಧ್ವರ ಮನೆಯ ಸಾಲಿಗ್ರಾಮಗಳೆಂದರೇನು ಎಂದು ವಿವರಿಸಿದೆ. ನದಿಯಲ್ಲಿ ಸಿಕ್ಕುವ ನುಣುಪಾದ ಕರಿ ಕಲ್ಲುಗಳು, ಅವುಗಳಲ್ಲಿ ವಿಷ್ಣು ಇದ್ದಾನೆಂದು ನಂಬಿಕೆ. ಅವನ್ನಿಡುವ ಹಿತ್ತಾಳೆಯ ಪೆಟ್ಟಿಗೆಗೆ ಸಂಪುಷ್ಟ ಎನ್ನುತ್ತೇವೆ. ತಂದೆಯಿಂದ ಮಗನಿಗೆ ಬರುತ್ತದೆ. ಮನೆಯಲ್ಲಿ ಇಟ್ಟುಕೊಂಡ ಮೇಲೆ ಒಂದು ದಿನವೂ ಪೂಜೆ ತಪ್ಪಿಸುವ ಹಾಗಿಲ್ಲ. "ನಮ್ಮ ತಂದೆಗೆ ಎಂಬತ್ತು ದಾಟಿದೆ. ಇವತ್ತಿಗೂ ಸಾಲಿಗ್ರಾಮಕ್ಕೆ ಅಭಿಷೇಕ, ನೈವೇದ್ಯ ಆಗದೆ ಅವರ ಬಾಯಿಗೆ ಕಾಫಿ ಕೂಡ ಹೋಗುವುದಿಲ್ಲ," ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತರಬೇತುದಾರಳು ಕಣ್ಣು ಮುಚ್ಚಿ, ಉಸಿರೆಳೆದು, "ಕಡಿಯದ ದಾರ," ಎಂದಳು.

ಆ ಕಡಿಯದ ದಾರ ನಾಲ್ಕು ತಿಂಗಳ ಹಿಂದೆ ಅಪ್ಪನ ಪ್ರಾಣವನ್ನೇ ಕಡಿಯಲು ಬಂದಿತ್ತು ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಚಪ್ಪಾಳೆ ಕೆಡುತ್ತಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿ ಬೇಗ ತಿಂಡಿ ತಿನ್ನಬೇಕು. ಕೈ ನಡುಗಲು ಶುರುವಾದ ಮೇಲೆ ಅವರ ಪೂಜೆ ನಿಧಾನವಾಗುತ್ತ ಹೋಯಿತು. ಮೊದಲು ಎಂಟಕ್ಕೆ ಮುಗಿಯುತ್ತಿದ್ದದ್ದು ಒಂಬತ್ತಾಯಿತು, ಹತ್ತಾಯಿತು, ಹನ್ನೊಂದರ ಕಡೆಗೆ ಹೊರಳಿತು. ಒಂದು ದಿನ ಕೈಯಲ್ಲಿ ತುಳಸಿ ಹಿಡಿದುಕೊಂಡೇ ಗೋಡೆಗೆ ಒರಗಿಬಿಟ್ಟರು. ಮೈಯೆಲ್ಲ ಬೆವರು. ನನ್ನ ಹೆಂಡತಿ ಮಡಿ ಮೈಲಿಗೆ ನೋಡದೆ ಒಳಗೆ ನುಗ್ಗಿ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದಳು. ಅಪ್ಪ ಅದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡೇ ನೈವೇದ್ಯ ಮುಗಿಸಿದರು. ನುಂಗಿಲ್ಲ ಎಂದು ಸಂಜೆಯವರೆಗೆ ವಾದ ಮಾಡಿದರು. ಡಾಕ್ಟರು ತಲೆ ಚಚ್ಚಿಕೊಂಡು, "ಎಂಟು ಗಂಟೆಗೆ ತಿಂಡಿ, ಪೆರಿಯವರೇ. ಬೇಕಾದರೆ ದೇವರಿಗೆ ನಾನೇ ಚೀಟಿ ಬರೆದುಕೊಡುತ್ತೇನೆ," ಎಂದರು ತಮಿಳಿನಲ್ಲಿ. ಇನ್ನೊಂದು ಸಲ ಹೀಗಾದರೆ ಏಳುತ್ತಾರೋ ಇಲ್ಲವೋ ಎಂದು ನನ್ನನ್ನು ಬಾಗಿಲಾಚೆ ಕರೆದು ಹೇಳಿದರು. ಅಪ್ಪ ಮಾತ್ರೆ ನುಂಗುವುದನ್ನು ಹನ್ನೊಂದಕ್ಕೆ ಮುಂದೂಡಿದರು. ಸಮಸ್ಯೆ ಬಗೆಹರಿಯಿತು ಎಂದು ಅವರ ಲೆಕ್ಕ; ರಾತ್ರಿ ನುಂಗಿದ ಮಾತ್ರೆ ಆ ಲೆಕ್ಕದಲ್ಲಿ ಇರಲಿಲ್ಲ.

ಇದಕ್ಕೆ ಪರಿಹಾರ ಒಂದೇ: ಪೂಜೆಯನ್ನು ನಾನು ವಹಿಸಿಕೊಳ್ಳಬೇಕು. ಉಪನಯನದಲ್ಲಿ ಕಲಿತದ್ದು ಎಸೆಸೆಲ್ಸಿ ಪರೀಕ್ಷೆಯ ಹೊತ್ತಿಗೇ ಮರೆತಿದ್ದೆ. ನಂಬಿಕೆ ಇರಲಿಲ್ಲ, ಇಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. ಹೇಳಿದರೆ ಅಪ್ಪನ ಎದೆ ಒಡೆಯುತ್ತದೆ, ಹೇಳದಿದ್ದರೆ ಸಕ್ಕರೆ ಇಳಿಯುತ್ತದೆ. ಪ್ರತಿದಿನ ಬೆಳಿಗ್ಗೆ ದೇವರ ಮನೆಯ ಬಾಗಿಲಲ್ಲಿ ಗ್ಲೂಕೋಸ್ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ನಿಂತು, ಗಂಟೆ ಯಾವಾಗ ಬಾರಿಸುತ್ತಾರೆ ಎಂದು ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ನನ್ನಷ್ಟು ಏಕಾಗ್ರತೆಯಿಂದ ದೇವರ ಕಡೆ ನೋಡುತ್ತಿದ್ದವರು ಯಾರೂ ಇರಲಿಲ್ಲ.

ಚಪ್ಪಾಳೆ ಗಿಟ್ಟಿಸಿದ್ದಕ್ಕೆ ಶಿಕ್ಷೆ ತಕ್ಷಣವೇ ಬಂತು. ಮುಂದಿನ ವಾರದೊಳಗೆ ಮನೆಯ ಹಿರಿಯರೊಬ್ಬರ ಜತೆ ಕೂತು ಅವರ ಆಧ್ಯಾತ್ಮಿಕ ಬದುಕಿನ ಬಗ್ಗೆ ಮಾತಾಡಿಸಿಕೊಂಡು ಬರಬೇಕು. ಹೌದು, ಅಲ್ಲ ಎಂದು ಉತ್ತರ ಬರುವ ಪ್ರಶ್ನೆ ಕೇಳಬಾರದು. ಅವರ ಮಾತಿನ ಕೊನೆಯನ್ನು ಹಿಡಿದು ಅವರಿಗೇ ಹಿಂದಿರುಗಿಸಬೇಕು. ಮೌನವನ್ನು ತುಂಬಲು ಹೋಗಬಾರದು. ಹೆಂಡತಿಗೆ ಹೇಳಿದೆ. "ಅಪ್ಪನ ಹತ್ರ ಮಾತಾಡಕ್ಕೂ ಡಿಪ್ಲೊಮಾ ಬೇಕಾಯ್ತಾ ನಿಮಗೆ?" ಎಂದಳು.

ಒಂದು ಸಂಜೆ ಬಾಲ್ಕನಿಯಲ್ಲಿ ಅಪ್ಪನ ಎದುರು ಕುರ್ಚಿ ಹಾಕಿಕೊಂಡು ಕೂತೆ. ಕಾಲು ಕಾಲಿನ ಮೇಲೆ ಹಾಕಬಾರದು, ಸ್ವಲ್ಪ ಮುಂದೆ ಬಾಗಿರಬೇಕು ಎಂದು ಕಲಿಸಿದ್ದರು. ಬಾಗಿದೆ.

"ಏನೋ, ಹೊಟ್ಟೆ ನೋವಾ?" ಅಂದರು ಅಪ್ಪ.

"ಇಲ್ಲಪ್ಪ. ಒಂದು ವಿಷಯ ಕೇಳಬೇಕಿತ್ತು. ಪೂಜೆ ಮಾಡುವಾಗ ನಿಮ್ಮೊಳಗೆ ಏನು ಅನುಭವ ಆಗತ್ತೆ?"

"ಮಂಡಿ ನೋವು."

"ಮಂಡಿ ನೋವು ಅಂತೀರಿ."

"ಅಂತೀನಿ. ಕಿವಿ ಮಂದ ಆಯ್ತಾ ನಿಂಗೆ?" ಎಂದು ನನ್ನ ಮುಖ ನೋಡಿದರು. "ಯಾಕೋ, ಡಾಕ್ಟ್ರು ಏನಾದ್ರೂ ಫೋನ್ ಮಾಡಿದ್ರಾ? ಮುಚ್ಚಿಡ್ಬೇಡ."

"ಅದೇನಿಲ್ಲ. ಕ್ಲಾಸಿಗೆ ಬರೆದುಕೊಂಡು ಹೋಗಬೇಕು."

"ಈ ವಯಸ್ಸಲ್ಲಿ ಹೋಮ್‌ವರ್ಕು. ಶೆರಿ, ಕೇಳು."

ಏನು ಕೇಳಬೇಕೆಂದು ತೋಚಲಿಲ್ಲ. ಆದ್ದರಿಂದ ಮೌನವನ್ನು ತುಂಬಲಿಲ್ಲ. ಅಪ್ಪನೂ ತುಂಬಲಿಲ್ಲ. ಸ್ಟೇಷನ್ನಿನ ಕಡೆಯಿಂದ ರೈಲು ಹೊರಡುವ ಸದ್ದು ಬಂತು, ಹೋಯಿತು. ಕೆಳಗೆ ಯಾರೋ ಸ್ಕೂಟರನ್ನು ಒದ್ದು ಒದ್ದು ಸುಸ್ತಾದರು. ಕೊನೆಗೆ ಅಪ್ಪನೇ ಬಾಯಿ ಬಿಟ್ಟರು.

"ಅಲ್ಲಿ ಏನಂತ ಹೇಳಿದೀಯ ನನ್ನ ಬಗ್ಗೆ? ಭಕ್ತಿ ಗಿಕ್ತಿ ಅಂತೇನಾದ್ರೂ?"

"ಹೂಂ. ಎಲ್ಲರೂ ಚಪ್ಪಾಳೆ ತಟ್ಟಿದ್ರು."

"ಹೋಗಿ ವಾಪಸ್ ಕೊಟ್ಬಾ. ಭಕ್ತಿ ಎಲ್ಲಿಂದ ಬರತ್ತೋ ನಮಗೆ. ಭಯ ಕಣೋ. ಬರೀ ಭಯ."

ಆಮೇಲೆ ಹೇಳಿದ್ದು ನಾನು ಎಂದೂ ಕೇಳದ ಸಂಗತಿ. ತಾತ ಒಮ್ಮೆ ಯಾವುದೋ ಮದುವೆಗೆ ಹೋಗಿ ರೈಲು ತಪ್ಪಿಸಿಕೊಂಡದ್ದರಿಂದ ಒಂದು ದಿನ ಪೂಜೆ ತಪ್ಪಿತಂತೆ. ಅದೇ ತಿಂಗಳು ಅಪ್ಪನ ತಂಗಿ, ಇನ್ನೂ ತೊಟ್ಟಿಲ ಕೂಸು, ಜ್ವರ ಬಂದು ತೀರಿಹೋಯಿತಂತೆ. ತಾತ ಎರಡನ್ನೂ ಸೇರಿಸಿ ಗಂಟು ಹಾಕಿದರು. ಸಾಯುವ ಮುಂಚೆ ಆ ಗಂಟನ್ನು ಪೆಟ್ಟಿಗೆಯ ಜತೆ ಅಪ್ಪನ ಕೈಗೆ ಕೊಟ್ಟರು. ಅಲ್ಲಿಂದೀಚೆಗೆ ಅಪ್ಪ ಮನೆ ಬಿಟ್ಟು ಎಲ್ಲೂ ಒಂದು ರಾತ್ರಿ ಮಲಗಿಲ್ಲ. ಬಂದರಿನ ಕಡೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಬಡ್ತಿ ಬಂದಿತ್ತು, ಆದರೆ ವರ್ಗ ಆಗುತ್ತಿತ್ತು, ಬೇಡ ಎಂದರು. ಆ ಬಡ್ತಿ ಬೇಡ ಎಂದದ್ದನ್ನು ನಾವು ಮಕ್ಕಳು ತ್ಯಾಗ ಎಂದು ತಿಳಿದು, ಶಾಲೆಯ ಪ್ರಬಂಧದಲ್ಲೂ ಬರೆದಿದ್ದೆವು.

"ನಿಮ್ಮಮ್ಮ ಕಾಶಿ ಕಾಶಿ ಅಂತಿದ್ಲು," ಅಂದರು.

"ಪೆಟ್ಟಿಗೆ ತಗೊಂಡೇ ಹೋಗಬಹುದಿತ್ತಲ್ಲಪ್ಪ?"

"ರೈಲಲ್ಲಿ ಮಡಿ ಎಲ್ಲಿಂದ ತರೋದು? ಪಕ್ಕದ ಸೀಟಿನೋನು ಮೊಟ್ಟೆ ತಿಂತಾ ಇರ್ತಾನೆ."

ವೇಲಚೇರಿಯ ದೊಡ್ಡ ನೆರೆ ನೆನಪಾಯಿತು. ನೆಲಮಹಡಿಯ ಮನೆಗೆ ನೀರು ನುಗ್ಗಿದ ಆ ಸಂಜೆ ನಾನು ಇನ್ವರ್ಟರಿಗಾಗಿ ಒದ್ದಾಡುತ್ತಿದ್ದೆ. ಅಪ್ಪ ಸಂಪುಷ್ಟವನ್ನು ತಲೆಯ ಮೇಲೆ ಹೊತ್ತು ಮೂರನೆಯ ಮಹಡಿ ಹತ್ತಿದ್ದರು. ಅದನ್ನು ಕಂಡು ಮೇಲಿನ ಮನೆಯವರು ಕೈಮುಗಿದಿದ್ದರು. ನದಿಯ ತಳದಿಂದ ಬಂದ ಕಲ್ಲುಗಳನ್ನು ನಾವು ನೀರಿನಿಂದ ಕಾಪಾಡುತ್ತಿದ್ದೇವೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಆಮೇಲೆ ನಾವು ಎರಡನೆಯ ಮಹಡಿಯ ಫ್ಲಾಟಿಗೆ ಬಂದೆವು.

"ಸಾಕಾಗಿದೆ ಕಣೋ," ಅಂದರು ಅಪ್ಪ. "ಮಠಕ್ಕೆ ಕೊಟ್ಬಿಡೋಣ ಅಂತ ಎರಡು ವರ್ಷದಿಂದ ಅನ್ಕೋತಾ ಇದೀನಿ. ನಿಂಗೆ ಬೇಜಾರಾಗತ್ತಲ್ಲ ಅಂತ ಸುಮ್ನಿದ್ದೆ."

"ನನಗಾ?"

"ಮತ್ತೆ? ಈ ಮನೆ ತಗೊಳ್ಳೋವಾಗ ಮೊದ್ಲು ದೇವರ ಮನೆ ನೋಡಿದೋನು ನೀನು. ಒಳಗೇ ನಲ್ಲಿ ಹಾಕ್ಸಿದೆ, ಕರಿ ಕಲ್ಲು ಹಾಕ್ಸಿದೆ. ದಿನಾ ಬೆಳಿಗ್ಗೆ ಬಂದು ಬಾಗಿಲಲ್ಲಿ ಕೈ ಹಿಂದೆ ಕಟ್ಕೊಂಡು ನಿಂತ್ಕೋತೀಯ. ಇಷ್ಟು ಶ್ರದ್ಧೆ ಇರೋನಿಗೆ ಹೇಗೆ ಹೇಳ್ಲಿ?"

ಅಪ್ಪನಿಗೋಸ್ಕರ ಹಾಕಿಸಿದ ನಲ್ಲಿ ಅದು. ಅಪ್ಪನ ಸಕ್ಕರೆಗಾಗಿ ನಿಂತ ನಿಲುವು. ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಅಂದ್ರೆ ಇಷ್ಟು ದಿನ ಅಪ್ಪ ಮಗ ಒಬ್ರಿಗೊಬ್ರು ಪೂಜೆ ಮಾಡ್ಕೋತಿದ್ರಿ ಅನ್ನಿ. ದೇವ್ರು ಸುಮ್ನೆ ಮಧ್ಯದಲ್ಲಿ ನೆನೀತಾ ಇದ್ದ."

ಇದನ್ನೆಲ್ಲ ಪ್ರಾಮಾಣಿಕವಾಗಿ ತರಗತಿಯಲ್ಲಿ ಒಪ್ಪಿಸಿದೆ. ಅಪ್ಪನ ನೇರಳೆ ಚೌಕದ ಮೇಲೆ ಏನು ಬಳಿಯಬೇಕು, ಭಯಕ್ಕೆ ಯಾವ ಬಣ್ಣ ಎಂದು ಕೇಳಿದೆ. ಭಯಕ್ಕೆ ಬಣ್ಣ ಇಟ್ಟಿರಲಿಲ್ಲ. ತರಬೇತುದಾರಳು ಎಂದಿಗಿಂತ ದೀರ್ಘವಾಗಿ ಕಣ್ಣು ಮುಚ್ಚಿದಳು.

"ಭಯ ಮೇಲಿನ ಪದರ ಮಾತ್ರ, ಸಾರ್. ಅದರ ಕೆಳಗೆ ಬಲ ಇದೆ. ಅದನ್ನು ಹುಡುಕಿ ತನ್ನಿ. ನಾವು ಜನರ ಬಲದ ಜತೆ ಕೆಲಸ ಮಾಡುವವರು."

"ಅದರ ಕೆಳಗೆ ಅವರಿಗೆ ಮಂಡಿ ನೋವಿದೆ, ಮೇಡಂ."

"ಇದನ್ನು ಹೀಗೇ ಇರಲು ಬಿಡೋಣ," ಎಂದಳು. ಬಿಡಲಿಲ್ಲ. ಮಠಕ್ಕೆ ಕೊಡುವ ವಿಚಾರ ಅವಳಿಗೆ ಬಹಳ ಹಿಡಿಸಿತ್ತು. ಅದು ಬಿಡುಗಡೆಯ ವಿಧಿಯಂತೆ. ಅಪ್ಪ ಪೆಟ್ಟಿಗೆಯನ್ನು ಬಿಟ್ಟುಕೊಡುವ ಆ ಕ್ಷಣದ ಒಂದು ಸಣ್ಣ ವಿಡಿಯೊ ತಂದರೆ ಇಡೀ ತಂಡಕ್ಕೆ ಉಪಯೋಗ. ಅಪ್ಪನ ಮುಖ ಮಸುಕು ಮಾಡಬಹುದು. ವಿರಾಮದಲ್ಲಿ ಎಚ್‌ಆರ್ ಮ್ಯಾನೇಜರ್ ನನ್ನ ಕೈ ಒತ್ತಿ, ಮಂಗಳವಾರ ಮಾತ್ರ ಬೇಡ ಎಂದು ಪಿಸುಗುಟ್ಟಿದ.

ಮಂಗಳವಾರ ಹೋಗಲಿಲ್ಲ. ಅಪ್ಪನ ಪಂಚಾಂಗವೂ ಅದನ್ನೇ ಹೇಳಿತ್ತು. ಒಂದು ಗುರುವಾರ ಪೂಜೆ ಮುಗಿಸಿ, ಊಟ ಮಾಡಿ, ಆಟೊದಲ್ಲಿ ಹೊರಟೆವು. ಅಪ್ಪ ಸಂಪುಷ್ಟವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ದಾರಿಯಲ್ಲಿ ಪ್ರತಿ ಗುಂಡಿಗೂ ಅದನ್ನು ಎರಡು ಕೈಯಿಂದ ಎತ್ತಿ ಹಿಡಿಯುತ್ತಿದ್ದರು, ಅಂದರೆ ದಾರಿಯುದ್ದಕ್ಕೂ.

ನಮ್ಮ ಕಡೆಯವರ ಆ ಮಠ ಊರ ನಡುವಿನ ಒಂದು ಗಲ್ಲಿಯಲ್ಲಿದೆ. ಅರ್ಚಕ ನನಗಿಂತ ತುಂಬ ಚಿಕ್ಕವನು, ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಯಾರಿಗೋ ಊಟದ ಎಲೆಗಳ ಬಗ್ಗೆ ಹೇಳುತ್ತಿದ್ದ. ನಮ್ಮ ಕೈಯಲ್ಲಿದ್ದ ಗಂಟು ನೋಡಿಯೇ ವಿಷಯ ತಿಳಿಯಿತು. ನಾವು ಹೇಳುವುದಕ್ಕೂ ಕಾಯದೆ ಒಳಗೆ ಬನ್ನಿ ಎಂದು ಸನ್ನೆ ಮಾಡಿದ.

ಗರ್ಭಗುಡಿಯ ಪಕ್ಕದ ಕೋಣೆಯಲ್ಲಿ ಒಂದು ದೊಡ್ಡ ಹಿತ್ತಾಳೆ ಹರಿವಾಣ. ಅದರ ತುಂಬ ಸಾಲಿಗ್ರಾಮಗಳು. ದೊಡ್ಡವು, ಚಿಕ್ಕವು, ಒಂದರ ಮೇಲೊಂದು, ಸಂತೆಯಲ್ಲಿ ನೇರಳೆಹಣ್ಣು ರಾಶಿ ಹಾಕಿದ ಹಾಗೆ. ಮೂಲೆಯಲ್ಲಿ ಖಾಲಿ ಪೆಟ್ಟಿಗೆಗಳು ಒಂದರೊಳಗೊಂದು ಸೇರಿಕೊಂಡಿದ್ದವು.

"ಬರ್ತಾನೇ ಇರ್ತಾವೆ ಸಾರ್," ಎಂದ ಅರ್ಚಕ, ಫೋನು ಇಳಿಸಿ. "ಮಕ್ಳು ಮಾಡಲ್ಲ, ಮನೇಲಿ ಇಡೋ ಹಾಗಿಲ್ಲ. ವೇಲಚೇರಿ, ಮಡಿಪಾಕ್ಕಂ ಕಡೆಯಿಂದಾನೇ ಜಾಸ್ತಿ. ಇದ್ರಲ್ಲಿ ಹಾಕ್ಬಿಡಿ."

ಅಪ್ಪ ಹರಿವಾಣವನ್ನು ನೋಡಿದರು. "ಯಾರ ಮನೇದು ಯಾವ್ದು ಅಂತ ಗುರುತು?"

"ಗುರುತು ಯಾತಕ್ಕೆ ಸ್ವಾಮಿ? ಎಲ್ಲದ್ರಲ್ಲೂ ಇರೋನು ಒಬ್ನೇ ಅಲ್ವಾ?"

ಸಿದ್ಧಾಂತದ ಪ್ರಕಾರ ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಇದೇ ಮಾತನ್ನು ಇಸ್ತ್ರಿ ಅಂಗಡಿಯವನು ಅಂಗಿಗಳ ಬಗ್ಗೆ ಹೇಳಿದ್ದರೆ ಜಗಳವಾಗುತ್ತಿತ್ತು.

"ಪೂಜೆ ಎಷ್ಟು ಹೊತ್ತಿಗೆ ಆಗತ್ತೆ ದಿನಾ?" ಅಪ್ಪ ಕೇಳಿದರು.

"ಇವಕ್ಕಾ? ಮೂಲ ದೇವ್ರದ್ದೆಲ್ಲ ಮುಗ್ದ ಮೇಲೆ. ಹನ್ನೊಂದೂವರೆ ಅನ್ಕೊಳ್ಳಿ. ಆರಾಧನೆ ಗೀರಾಧನೆ ಇದ್ರೆ ಒಂದು ಗಂಟೆ."

ಅಪ್ಪ ಬಿಚ್ಚಿದ್ದ ರೇಷ್ಮೆ ವಸ್ತ್ರವನ್ನು ಮತ್ತೆ ಸುತ್ತಿದರು. ಗಂಟು ಹಾಕಲು ಬೆರಳು ಕೂಡಿಬರಲಿಲ್ಲ, ನಾನೇ ಹಾಕಿದೆ. ಅರ್ಚಕನಿಗೆ ಕೈಮುಗಿದು ಹೊರಗೆ ಬಂದುಬಿಟ್ಟರು. ನನ್ನ ಮೊಬೈಲು ಜೇಬಿನಲ್ಲೇ ಇತ್ತು. ಬಿಡುಗಡೆಯ ವಿಧಿಯ ವಿಡಿಯೊ ತೆಗೆಯುವ ಹೊತ್ತಿಗೆ ಬಿಡುಗಡೆಯೇ ಆಟೊ ಕರೆಯುತ್ತಿತ್ತು.

"ಅಲ್ಲಪ್ಪ, ಕೊಟ್ಟ ಮೇಲೆ ನಮಗೇನು ಸಂಬಂಧ? ಅವರು ಎಷ್ಟೊತ್ತಿಗಾದರೂ ಮಾಡಿಕೊಳ್ಳಲಿ," ಅಂದೆ ಆಟೊ ಹೊರಟ ಮೇಲೆ.

"ಮಗಳನ್ನ ಮದ್ವೆ ಮಾಡಿ ಕೊಟ್ಟ ಮೇಲೆ ಅವ್ಳು ಊಟ ಮಾಡಿದ್ಲಾ ಅಂತ ಕೇಳೋದಿಲ್ವಾ? ಅಲ್ಲಿ ಹನ್ನೊಂದೂವರೆಗೆ ಆಗದೆ ಇಲ್ಲಿ ನನ್ನ ಗಂಟಲಲ್ಲಿ ಇಳಿಯತ್ತಾ? ಮನೇಲಾದ್ರೆ ಹತ್ತೂವರೆಗಾದ್ರೂ ಮುಗಿಸ್ತೀನಿ."

ಅಂದರೆ ದಾನ ಕೊಟ್ಟರೆ ಹಸಿವು ಇನ್ನೂ ಒಂದು ಗಂಟೆ ಹೆಚ್ಚು. ನಮ್ಮ ವಂಶದ ತರ್ಕ. ನನಗೆ ಅದು ಕೂಡಲೇ ಅರ್ಥವಾಯಿತು ಎಂಬುದೇ ನಾಚಿಕೆಯ ವಿಷಯ. ಗ್ಲೂಕೋಸ್ ಡಬ್ಬಿ, ಬೆವರು, ಡಾಕ್ಟರ ಪಿಸುಮಾತು ಎಲ್ಲ ಕಣ್ಣೆದುರು ಬಂತು. ಕೊನೆಗೂ ಹೇಳಿದೆ.

"ನನಗೆ ಹೇಳಿಕೊಡಿ. ನಾನು ಬೆಳಿಗ್ಗೆ ಏಳಕ್ಕೆ ಮುಗಿಸಿಬಿಡ್ತೀನಿ. ಎಂಟಕ್ಕೆ ನೀವು ತಿಂಡಿ ತಿನ್ನಬಹುದು."

ಅಪ್ಪ ನನ್ನ ಕಡೆ ತಿರುಗಿದರು. "ನಂಬಿಕೆ ಇದೆಯಾ ನಿಂಗೆ?"

ಆಟೊ ಸಿಗ್ನಲ್ಲಿನಲ್ಲಿ ನಿಂತಿತ್ತು. ಓಡಿಹೋಗುವ ದಾರಿ ಇರಲಿಲ್ಲ. "ಇಲ್ಲ," ಅಂದೆ.

ಅಪ್ಪನ ಎದೆ ಒಡೆಯಲಿಲ್ಲ. ಇದೊಂದು ವಿಷಯವೇ ಎಂಬಂತೆ ಕೈಯಲ್ಲಾಡಿಸಿದರು. "ನಂಬಿಕೆ ಇಲ್ದೋನಿಗಾದ್ರೆ ಧಾರಾಳವಾಗಿ ಕೊಡಬಹುದು. ಇಷ್ಟ ಬಂದ ದಿನ ಮಾಡ್ತಾನೆ, ಇಲ್ಲದ ದಿನ ಬಿಡ್ತಾನೆ. ನಿಂಗೆ ಕೊಡಲ್ಲ. ನಂಬಿಕೆ ಇಲ್ಲ, ಭಯ ಮಾತ್ರ ಬೆಟ್ಟದಷ್ಟಿದೆ. ಒಂದು ಮೋಡ ಕಂಡ್ರೆ ಸಾಕು, ನೆರೆ ಬಂತು ಅಂತ ಕಾರು ತಗೊಂಡೋಗಿ ಫ್ಲೈಓವರ್ ಮೇಲೆ ನಿಲ್ಸಿ ಬರ್ತೀಯ. ಮಗಳು ಕಾಲೇಜಿಂದ ಹತ್ತು ನಿಮಿಷ ತಡ ಆದ್ರೆ ಗೇಟಲ್ಲಿ ನಿಂತಿರ್ತೀಯ. ನಿನ್ನ ಕೈಗೆ ಇದೊಂದು ಬೇರೆ ಕೊಡ್ಲಾ? ನಮ್ಮಪ್ಪ ನನಗೆ ಕೊಟ್ಟಿದ್ದು ಸಾಕು."

"ಹಾಗಾದರೆ?"

"ನನ್ನ ಜತೆ ಮುಗೀಲಿ. ನಾನು ಹೋದ್ಮೇಲೆ ತಗೊಂಡೋಗಿ ಆ ತಟ್ಟೇಲಿ ಸುರಿದ್ಬಿಡು. ಹನ್ನೊಂದೂವರೆಗೆ ಮಾಡ್ಕೊಳ್ಳಿ, ಒಂದು ಗಂಟೆಗೆ ಮಾಡ್ಕೊಳ್ಳಿ. ಆಗ ನಂಗೇನು ಹಸಿವಾ?"

ಆಟೊದವನಿಗೆ ಕನ್ನಡ ಅರ್ಥವಾಗದಿದ್ದರೂ ಕನ್ನಡಿಯಲ್ಲಿ ನಮ್ಮನ್ನು ನೋಡಿ ವೇಗ ಕಡಿಮೆ ಮಾಡಿದ. ನಾನು ಮೂಗು ಒರೆಸಿಕೊಂಡೆ, ಗಿಂಡಿ ಸರ್ಕಲ್ಲಿನ ವಾಹನಗಳ ಹೊಗೆ.

"ಅಲ್ಲಿವರೆಗೆ ದಿನಾ ನಿಮ್ಮ ಸಕ್ಕರೆ ಇಳೀತಾ ಇರಲಿ ಅಂತೀರಾ?"

ಅಪ್ಪ ಮುಂದಿನ ಗುಂಡಿಗೆ ಪೆಟ್ಟಿಗೆ ಎತ್ತಿ ಹಿಡಿದರು. ಈ ಸಲದ ಮೌನವನ್ನು ತುಂಬಬೇಕೋ ಬಾರದೋ ಎಂದು ಯೋಚಿಸುವಷ್ಟರಲ್ಲಿ ಮನೆ ಬಂತು.

ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ ನಾನು ಗ್ಲೂಕೋಸ್ ಡಬ್ಬಿ ಹಿಡಿದು ದೇವರ ಮನೆಯ ಹತ್ತಿರ ಹೋದರೆ ಬಾಗಿಲು ಮುಚ್ಚಿತ್ತು. 'ಆಯ್ತು, ಒಳಗೆ ಬಿದ್ದಿದ್ದಾರೆ' ಎಂದುಕೊಂಡೆ. ತಿರುಗಿ ನೋಡಿದರೆ ಅಪ್ಪ ಊಟದ ಮೇಜಿನ ಮುಂದೆ ಕೂತಿದ್ದರು. ಸ್ನಾನ ಆಗಿರಲಿಲ್ಲ. ಹಣೆಯ ಮೇಲೆ ನಾಮ ಇರಲಿಲ್ಲ. ನಾಮ ಇಲ್ಲದ ಆ ಹಣೆಯನ್ನು ಈ ಹೊತ್ತಿನಲ್ಲಿ ನಾನು ಎಂದೂ ನೋಡಿರಲಿಲ್ಲ.

"ಎರಡು ಇಡ್ಲಿ ಹಾಕಮ್ಮ," ಎಂದರು ನನ್ನ ಹೆಂಡತಿಗೆ.

ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಯಾವ ಕೋರ್ಸೂ ಕಲಿಸದೆ ಅವಳು ಒಂದು ಪ್ರಶ್ನೆಯನ್ನೂ ಕೇಳದೆ ಎರಡು ಇಡ್ಲಿ ಹಾಕಿದಳು.

ಅಪ್ಪ ಮಾತ್ರೆ ನುಂಗಿದರು. ಮುಚ್ಚಿದ ಬಾಗಿಲಿನ ಕಡೆಗೇ ಕಣ್ಣಿಟ್ಟು, ಸಾಹೇಬರು ಬರುವುದರೊಳಗೆ ಡಬ್ಬಿ ಖಾಲಿ ಮಾಡುವ ಗುಮಾಸ್ತನ ಹಾಗೆ, ಒಂದೊಂದೇ ತುತ್ತು ಅಗಿದು ನುಂಗಿದರು. ಚಟ್ನಿ ಮುಟ್ಟಲಿಲ್ಲ. ರುಚಿಯನ್ನೂ ಸೇರಿಸಿದರೆ ಅಪರಾಧ ಇನ್ನಷ್ಟು ಭಾರವಾಗುತ್ತದೆ ಎಂದು ಇದ್ದಿರಬಹುದು. ಆಮೇಲೆ ಎದ್ದು ಕೈತೊಳೆದು, ಸ್ನಾನ ಮಾಡಿ, ಮಡಿ ಉಟ್ಟು, ಬಾಗಿಲು ತೆರೆದು ಒಳಗೆ ಹೋದರು. ಹೊರಗೆ ಬರುವಾಗ ಹನ್ನೆರಡಾಗಿತ್ತು.

"ಇವತ್ತು ಅವಸರ ಇರ್ಲಿಲ್ಲ," ಅಂದರು.

ಅದು ಭಕ್ತಿಯೋ ಜೀರ್ಣಶಕ್ತಿಯೋ ನಾನು ಕೇಳಲಿಲ್ಲ. ನನಗೆ ಬೇರೆ ಕೆಲಸವಿತ್ತು. ನಂಬಿಕೆ ಇಲ್ಲದ ನಾನು ಅಂದು ಇಡೀ ದಿನ ಅನಾಹುತಕ್ಕಾಗಿ ಕಾದೆ. ಮಗಳಿಗೆ ಕಾಲೇಜಿಗೆ ಎರಡು ಸಲ ಫೋನು ಮಾಡಿದೆ. "ಎನ್ನಪ್ಪಾ, ಕ್ಲಾಸ್‌ಲ ಇರುಕ್ಕೇನ್," ಎಂದು ತಮಿಳಿನಲ್ಲಿ ಸಿಡುಕಿ ಎರಡು ಸಲವೂ ಫೋನು ಕತ್ತರಿಸಿದಳು. ಹಾಲು ಒಡೆದಿದೆಯೇ ನೋಡಿದೆ. ಆಕಾಶ ನೋಡಿದೆ. ಮಧ್ಯಾಹ್ನ ಲಿಫ್ಟು ಒಂದನೆಯ ಮಹಡಿಯಲ್ಲಿ ನಿಂತುಹೋಯಿತು ಎಂದು ಕೇಳಿದಾಗ, ಕೊನೆಗೂ ಬಂತಲ್ಲ ಎಂದು ಸಮಾಧಾನವೇ ಆಯಿತು.

ಸಂಜೆ ಅಪ್ಪ ಬಾಲ್ಕನಿಗೆ ಕರೆದರು. ದನಿ ತಗ್ಗಿಸಿ, "ಏನಾದ್ರೂ ಆಯ್ತಾ?" ಎಂದು ಕೇಳಿದರು.

"ಲಿಫ್ಟ್ ನಿಂತಿತ್ತು."

"ಒಳಗೆ ಯಾರಾದ್ರೂ ಇದ್ರಾ?"

"ಯಾರೂ ಇರಲಿಲ್ಲ."

"ಅದು ವಾರಕ್ಕೆರಡು ಸಲ ನಿಲ್ಲತ್ತೆ. ಲೆಕ್ಕಕ್ಕೆ ಬರಲ್ಲ," ಎಂದು ತೀರ್ಪು ಕೊಟ್ಟರು.

ಶನಿವಾರ ತರಗತಿಯಲ್ಲಿ ವಿಡಿಯೊ ಕೇಳಿದರು. ವಿಡಿಯೊ ಇಲ್ಲ, ಅಪ್ಪ ಪೂಜೆಗೆ ಮುಂಚೆ ಎರಡು ಇಡ್ಲಿ ತಿಂದರು ಎಂದೆ. ವೃತ್ತದಲ್ಲಿ ಯಾರಿಗೂ ಅದರಲ್ಲಿ ಏನಿದೆ ಎಂದು ತಿಳಿಯಲಿಲ್ಲ. ತಮ್ಮ ಮನೆಯಲ್ಲಿ ದಿನಾ ಹಾಗೇ ತಿನ್ನುತ್ತಾರೆ ಎಂದಳು ಹಕ್ಕಿ ಭಾಷೆಯ ಅಜ್ಜಿಯ ಮೊಮ್ಮಗಳು. ತರಬೇತುದಾರಳು ಕಣ್ಣು ಮುಚ್ಚಿ ತೆರೆದು, ಇದು ಬಿಡುಗಡೆಯಲ್ಲ, ರಾಜಿ ಎಂದಳು. ಪರಂಪರೆಯೊಂದಿಗೆ ನನ್ನ ಸಂಘರ್ಷ ಬಗೆಹರಿದಿಲ್ಲವಾದ್ದರಿಂದ ಈ ಪಾಠವನ್ನು ಮುಂದಿನ ತಂಡದ ಜತೆ ಇನ್ನೊಮ್ಮೆ ಮಾಡಬೇಕಂತೆ. ಮಾಡುತ್ತೇನೆ. ಹೊಸ ಹಾಳೆ ಕೊಂಡಿದ್ದೇನೆ. ಭಯಕ್ಕೆ ಅಂಗಡಿಯಲ್ಲಿ ಸಿಕ್ಕ ಕಿತ್ತಳೆ ಬಣ್ಣ ಇರಲಿ ಎಂದು ನಿರ್ಧರಿಸಿದ್ದೇನೆ. ತಾತನಿಂದ ನನ್ನವರೆಗೆ ಬಳಿಯಲು ಒಂದು ಪೆನ್ನು ಸಾಲದೇನೋ ಎಂದು ಎರಡು ತೆಗೆದುಕೊಂಡೆ.

ಮರುದಿನ ಭಾನುವಾರ. ನಾನು ಏಳುವ ಹೊತ್ತಿಗೆ ಅಪ್ಪ ಆಗಲೇ ಮೇಜಿನ ಮುಂದೆ ಕೂತು ತಟ್ಟೆಯನ್ನು ಬೆರಳಿನಿಂದ ತಟ್ಟುತ್ತಿದ್ದರು.

"ಇನ್ನೂ ಆಗ್ಲಿಲ್ವಾಮ್ಮ?"

"ಆವಿ ಬರ್ಲಿ ಮಾವ. ದೇವ್ರು ಕೂಡ ಇಷ್ಟು ಅವಸರ ಮಾಡಿರ್ಲಿಲ್ಲ ನನಗೆ."

ಇಡ್ಲಿ ಬಂತು. ಅಪ್ಪ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಅಗಿದು, ಮುಖ ಹಿಂಡಿದರು.

"ನಿನ್ನೇದೇ ಹಿಟ್ಟಾ? ಹುಳಿ ಜಾಸ್ತಿ ಆಗಿದೆ," ಎಂದರು. "ಆ ಚಟ್ನಿ ಈಚೆ ತಳ್ಳು."